ದಾರಿಯ ಹಕ್ಕು ಮತ್ತು ಪಾದಚಾರಿಯ ಪ್ರಾಣ

(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ರಸ್ತೆ ದಾಟುವ ವಿಷಯಕ್ಕೆ ಮಸೀದಿಯ ಅಂಗಳದಲ್ಲಿ ಒಂದು ಭಾಷಣವೇಕೆ ಎಂದು ಕೆಲವರಿಗೆ ಅನಿಸಬಹುದು. ಕೇಂದ್ರ ಸರಕಾರ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ದಿನವೊಂದಕ್ಕೆ ಸರಾಸರಿ 90 ಮಂದಿ. ಗಲಭೆಯಲ್ಲಿ ಒಬ್ಬನು ಸತ್ತರೆ ನಾವು ವಾರಗಟ್ಟಲೆ ಚರ್ಚಿಸುತ್ತೇವೆ, ಚರ್ಚಿಸಲೇಬೇಕು. ಆದರೆ ತರಕಾರಿ ತರಲು ಹೋದ ತಾಯಿ, ಮದ್ರಸಕ್ಕೆ ಹೊರಟ ಮಗು ರಸ್ತೆಯಲ್ಲಿ ಹೆಣವಾದರೆ ಜನಾಝ ಮುಗಿಸಿ ಮನೆಗೆ ಮರಳುತ್ತೇವೆ. 'ವಿಧಿ ಅಷ್ಟೇ ಇತ್ತು' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ವಿಧಿಯ ಮೇಲಿನ ವಿಶ್ವಾಸ ನಮ್ಮ ಈಮಾನಿನ ಭಾಗ. ಆದರೆ ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದವರು ಪ್ರವಾದಿ(ಸ). ನಮ್ಮನ್ನು ನಾವೇ ವಿನಾಶಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ಎಚ್ಚರಿಸಿದೆ. ಅಷ್ಟೇ ಅಲ್ಲ, ಪ್ರಮಾದದಿಂದ ನಡೆದ ಕೊಲೆಗೂ ಅನ್ನಿಸಾ ಅಧ್ಯಾಯವು ಪ್ರಾಯಶ್ಚಿತ್ತವನ್ನೂ ಪರಿಹಾರಧನವನ್ನೂ ವಿಧಿಸಿದೆ. ಉದ್ದೇಶವಿರಲಿಲ್ಲ ಎಂಬ ಕಾರಣಕ್ಕೆ ಹೊಣೆ ಕಳಚಿಬೀಳುವುದಿಲ್ಲ ಎಂದು ಇದರಿಂದ ಸ್ಪಷ್ಟವಾಗುತ್ತದೆ. ವಾಹನದ ಚಾವಿ ಹಿಡಿದಿರುವ ಪ್ರತಿಯೊಬ್ಬನೂ ಇದನ್ನು ನೆನಪಿಡಬೇಕು.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಸಾಗುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಈ ದೂರ ಕಳೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಢಿಕ್ಕಿಗೊಳಗಾದ ಪಾದಚಾರಿ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಝೀಬ್ರಾ ಪಟ್ಟಿಯ ಬಳಿ ವಾಹನವನ್ನು ನಿಧಾನಿಸಿ, ನಿಲ್ಲಿಸಿ, ದಾಟುವವರಿಗೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ನಮ್ಮ ಪಟ್ಟಣಗಳಲ್ಲಿ ಆ ಪಟ್ಟಿ ಕಂಡೊಡನೆ ಹಾರ್ನ್ ಬಾರಿಸುವುದೇ ರೂಢಿಯಾಗಿದೆ.

ಇನ್ನು ನಮ್ಮ ಮನೆಯ ಒಳಗೆ ನೋಡೋಣ. ರಸ್ತೆ ಬದಿಯಲ್ಲಿ ಕುಳಿತುಕೊಳ್ಳುವವರು ದಾರಿಯ ಹಕ್ಕನ್ನು ಸಲ್ಲಿಸಬೇಕು, ಇತರರಿಗೆ ತೊಂದರೆ ಕೊಡಬಾರದು ಎಂಬ ಪ್ರವಾದಿವಚನ ನಮಗೆಲ್ಲ ಗೊತ್ತು. ದಾರಿಯಿಂದ ಅಡ್ಡಿಯನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂಬುದೂ ಗೊತ್ತು. ಆದರೆ ಜುಮಾದ ದಿನ ಮಸೀದಿಯ ಮುಂದಿನ ಕಾಲುದಾರಿಯ ತುಂಬ ಬೈಕುಗಳನ್ನು ನಿಲ್ಲಿಸಿ, ವೃದ್ಧರನ್ನೂ ಮಕ್ಕಳನ್ನೂ ನಡುರಸ್ತೆಗೆ ಇಳಿಸುವವರು ಯಾರು? ಅಂಗಡಿಯ ಸಾಮಾನನ್ನು ಕಾಲುದಾರಿಗೆ ಹರಡುವವರು ಯಾರು? ಹದಿನಾಲ್ಕರ ಹುಡುಗನಿಗೆ ಸ್ಕೂಟರ್ ಕೊಟ್ಟು ಹೆಮ್ಮೆಪಡುವ ತಂದೆ ಯಾರು? ಅಪ್ರಾಪ್ತನು ಅಪರಾಧವೆಸಗಿದರೆ ಪಾಲಕರಿಗೆ ಮೂರು ವರ್ಷಗಳ ವರೆಗೆ ಸೆರೆವಾಸ ಮತ್ತು 25,000 ರೂ. ದಂಡ ವಿಧಿಸಲು 2019ರ ತಿದ್ದುಪಡಿ ಕಾನೂನು ಅವಕಾಶ ನೀಡಿದೆ. ಪರಲೋಕದ ವಿಚಾರಣೆ ಇದರಿಂದ ಹೊರತು.

ಆಡಳಿತವೂ ಉತ್ತರಿಸಬೇಕಾಗಿದೆ. ತಲಪಾಡಿಯಿಂದ ಕುಂದಾಪುರದ ವರೆಗೆ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿದೆ. ವಾಹನಗಳಿಗೆ ವೇಗ ಸಿಕ್ಕಿತು. ಆದರೆ ಊರನ್ನು ಸೀಳಿಕೊಂಡು ಹೋಗುವ ಇಂಥ ರಸ್ತೆಯ ಒಂದು ಬದಿಯಲ್ಲಿ ಮನೆ, ಇನ್ನೊಂದು ಬದಿಯಲ್ಲಿ ಶಾಲೆ ಅಥವಾ ಮಸೀದಿ ಇರುವವರು ದಿನಕ್ಕೆ ಹಲವು ಸಲ ಅದನ್ನು ದಾಟಲೇಬೇಕು. ಅವರಿಗೆ ಕೆಳಸೇತುವೆ ಕೊಡದೆ 'ಜನರಿಗೆ ಶಿಸ್ತಿಲ್ಲ' ಎನ್ನುವುದು ನ್ಯಾಯವಲ್ಲ. ಪಾದಚಾರಿಗಳಿಗೆ ಕಾಲುದಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಮ್ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆದ್ದರಿಂದ ಪುರಸಭೆಯ ಮುಂದೆ ನಾವು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಈ ಬೇಡಿಕೆಯಲ್ಲಿ ನೆರೆಯ ದೇವಸ್ಥಾನದವರೂ ಚರ್ಚಿನವರೂ ನಮ್ಮ ಜೊತೆಗಿರಲಿ. ಲಾರಿಯ ಚಕ್ರಕ್ಕೆ ಜಾತಿ ಧರ್ಮ ತಿಳಿಯದು.

ಇಂದೇ ಪಾಲಿಸಬಹುದಾದ ಕೆಲವು ವಿಷಯಗಳಿವೆ. ಮೊದಲು ಬಲಕ್ಕೆ, ನಂತರ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ನೋಡಿ ದಾಟಬೇಕು. ಏಕಮುಖ ರಸ್ತೆಯಲ್ಲೂ ಎರಡೂ ಕಡೆ ನೋಡಬೇಕು, ವಿರುದ್ಧ ದಿಕ್ಕಿನಿಂದ ಬರುವ ಬೈಕುಗಳಿಗೆ ಕೊರತೆಯಿಲ್ಲ. ಬಸ್ಸಿನಿಂದ ಇಳಿದವರು ಅದರ ಮುಂದಿನಿಂದ ದಾಟದೆ, ಅದು ಹೊರಟುಹೋಗುವ ವರೆಗೆ ಕಾಯಬೇಕು. ಕಾಲುದಾರಿ ಇಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯ ಅಂಚಿನಲ್ಲಿ ನಡೆಯಬೇಕು. ದಾಟುವಾಗ ಮೊಬೈಲ್ ಜೇಬಿನಲ್ಲಿರಲಿ. ಚಿಕ್ಕ ಮಕ್ಕಳಿಗೆ ವಾಹನದ ವೇಗವನ್ನು ಅಳೆಯಲು ಬಾರದು, ಅವರ ಕೈಯನ್ನು ಹಿರಿಯರು ಹಿಡಿದಿರಬೇಕು. ಫಜ್ರ್ ಮತ್ತು ಇಶಾದ ಹೊತ್ತಿನಲ್ಲಿ ಕಪ್ಪು ಬುರ್ಖಾ ಚಾಲಕನ ಕಣ್ಣಿಗೆ ಬೀಳುವುದು ಕಷ್ಟ. ಸಹೋದರಿಯರು ಕೈಯಲ್ಲೊಂದು ಟಾರ್ಚ್ ಹಿಡಿಯಲಿ, ಚೀಲಕ್ಕೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಲಿ. ನಕಾಬ್ ಧರಿಸುವವರು ತಲೆಯನ್ನು ಪೂರ್ತಿ ತಿರುಗಿಸಿ ನೋಡಲಿ. ಇದರಿಂದ ಪರ್ದಾಕ್ಕೆ ಯಾವ ಕುಂದೂ ಇಲ್ಲ. ನಮಾಝಿಗೆ ಓಡೋಡಿ ಬರಬೇಡಿ, ಶಾಂತವಾಗಿ ಬನ್ನಿರೆಂದು ಪ್ರವಾದಿ(ಸ) ಹೇಳಿದ್ದಾರೆ. ಇಫ್ತಾರಿನ ಹೊತ್ತಿನ ಧಾವಂತಕ್ಕೂ ಆ ಮಾತು ಅನ್ವಯಿಸುತ್ತದೆ.

ಅಪಘಾತ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯದೆ, ಗಾಯಾಳುವನ್ನು ಆಸ್ಪತ್ರೆಗೆ ತಲಪಿಸಿ. ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದವನಂತೆ ಎಂದು ನಂಬುವವರು ನಾವು. ಢಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳಲ್ಲಿ, 2022ರ ಎಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ, ಮೃತರ ಕುಟುಂಬಕ್ಕೆ 2 ಲಕ್ಷ ರೂ. ಮತ್ತು ತೀವ್ರ ಗಾಯಾಳುವಿಗೆ 50,000 ರೂ. ಪರಿಹಾರವಿದೆ. ಬಡ ಕುಟುಂಬಗಳಿಗೆ ಅರ್ಜಿ ಬರೆದುಕೊಡುವ ಕೆಲಸವನ್ನಾದರೂ ನಮ್ಮ ಜಮಾಅತ್‌ಗಳು ವಹಿಸಿಕೊಳ್ಳಲಿ.

ಜುಮಾದ ದಿನ ಇಬ್ಬರು ಯುವಕರು ವಾಹನ ನಿಲುಗಡೆ ನೋಡಿಕೊಳ್ಳಲಿ. ಮದ್ರಸ ಬಿಡುವ ಹೊತ್ತಿಗೆ ಸರದಿಯಂತೆ ಒಬ್ಬ ಪಾಲಕ ಮಕ್ಕಳನ್ನು ರಸ್ತೆ ದಾಟಿಸಲಿ. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ, ಮನಸ್ಸು ಮಾಡಿದರೆ ಸಾಕು. ಬರುವ ಶುಕ್ರವಾರದಿಂದಲೇ ಆರಂಭಿಸೋಣ. ನಮ್ಮ ನಡೆಯಿಂದ ಯಾರ ಮಗುವಿಗೂ ಹಾನಿಯಾಗದಿರಲಿ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.