ಹತ್ತು ಮಂದಿಯ ನಾಯಕ

ಚಳಿಗಾಲದ ಸಂಜೆ ಕೆಮ್ಮಣ್ಣುಗುಂಡಿಯ ರಾಜಭವನದ ಮುಂದೆ ನಿಂತವರಿಗೆ ಹೊದ್ದ ಶಾಲು ಸಾಲದು. ಕಣಿವೆಯಿಂದ ಮೇಲೇರಿ ಬರುವ ಮಂಜು ಗುಲಾಬಿಯ ಗಿಡಗಳನ್ನೂ ಎದುರಿನ ಗುಡ್ಡವನ್ನೂ ಒಟ್ಟಿಗೆ ಮರೆಮಾಡುತ್ತದೆ. ಸುಮಾರು 4,700 ಅಡಿ ಎತ್ತರದ ಈ ಚಳಿಯೇ ನಮ್ಮಂಥ ಬಯಲುಸೀಮೆಯವರಿಗೆ ಒಂದು ಸಾಹಸ. ಇದರ ನಾಲ್ಕರಷ್ಟಕ್ಕೂ ಮೀರಿದ ಎತ್ತರದಲ್ಲಿ, ಸಿಯಾಚಿನ್ ಹಿಮದ ನಡುವೆ, ಕಾವಲು ನಿಲ್ಲುವ ನಮ್ಮವರನ್ನು ನೆನೆಯಲು ಇದು ತಕ್ಕ ಸ್ಥಳವೆಂದು ನನಗೆ ತೋರುತ್ತದೆ.

ಈ ಬೆಟ್ಟದ ತಪ್ಪಲಿನ ತರೀಕೆರೆಗೆ ‘ನಾಯಕ’ ಎಂಬ ಮಾತು ಹೊಸದಲ್ಲ. ಅಲ್ಲಿಯ ಪಾಳೆಯಗಾರರು ನಾಯಕರೆಂದೇ ಹೆಸರಾದವರು. 1830ರ ನಗರದ ದಂಗೆಯಲ್ಲಿ ಆ ಮನೆತನವೂ ಕತ್ತಿ ಹಿರಿದಿತ್ತು. ನಾಯಕನೆಂದರೆ ನಮ್ಮ ಕಣ್ಣಿಗೆ ಕೋಟೆ, ಕುದುರೆ, ಬಿರುದು ಕಟ್ಟುತ್ತವೆ. ಆದರೆ ಸೈನ್ಯದಲ್ಲಿ ಅದೇ ಮಾತು ‘ನಾಯಕ್’ ಎಂದಾಗಿ, ತೋಳಿನ ಮೇಲಿನ ಎರಡು ಪಟ್ಟಿಗಳಲ್ಲಿ ಬಂದು ನಿಂತಿದೆ. ಒಂದು ಪಟ್ಟಿಯವನು ಲ್ಯಾನ್ಸ್ ನಾಯಕ್. ಮೂರು ಪಟ್ಟಿಯವನು ಹವಾಲ್ದಾರ. ಇವರು ಕಮಿಷನ್ ಪಡೆದ ಅಧಿಕಾರಿಗಳಲ್ಲ. ಸಿಪಾಯಿಗಳಾಗಿ ಸೇರಿ, ಸಿಪಾಯಿಗಳ ನಡುವೆಯೇ ಬೆಳೆದವರು. ಇವರ ಪಾಲಿಗೆ ಬರುವುದು ಸೆಕ್ಷನ್ ಎಂಬ ಸುಮಾರು ಹತ್ತು ಮಂದಿಯ ತುಕಡಿ.

ಹತ್ತು ಮಂದಿ! ಕೇಳಲು ಅಲ್ಪ. ಆದರೆ ದೂರದಲ್ಲಿ ಹುಟ್ಟಿದ ಆಜ್ಞೆ ಕಾರ್ಯವಾಗುವುದು ಈ ಹತ್ತು ಮಂದಿಯ ನಡುವೆಯೇ. 1948ರ ಫೆಬ್ರವರಿ 6ರಂದು ನೌಶೇರಾದ ಬಳಿಯ ತೈನ್‌ಧಾರ್‌ನಲ್ಲಿ ನಾಯಕ್ ಜದುನಾಥ್ ಸಿಂಗ್ ಅವರ ಕೈಕೆಳಗಿದ್ದುದು ಒಂಬತ್ತು ಮಂದಿಯ ಠಾಣೆ. ಬ್ರೆನ್ ಗನ್ ಹಿಡಿದವನು ಗಾಯಗೊಂಡಾಗ, ಸ್ವತಃ ಗಾಯಗೊಂಡಿದ್ದ ಅವರೇ ಅದನ್ನು ಕೈಗೆತ್ತಿಕೊಂಡರು. ಸಂಗಡಿಗರೆಲ್ಲ ನೆಲಕ್ಕೊರಗಿದ ಮೇಲೆ ಒಬ್ಬರೇ ಶತ್ರುವಿನ ಮೇಲೆ ನುಗ್ಗಿ ಪ್ರಾಣವಿತ್ತರು. ಅವರಿಗೆ ಪರಮವೀರ ಚಕ್ರ ಸಂದಿತು.

ಎಲ್ಲ ನಾಯಕತ್ವವೂ ಹೀಗೆ ಬೆಳಕಿಗೆ ಬರುವುದಿಲ್ಲ. ಹಿಮದ ಠಾಣೆಯಲ್ಲಿ ಶತ್ರುವಿಗಿಂತ ಚಳಿಯೇ ಕ್ರೂರಿ. ಸೀಮೆಎಣ್ಣೆಯ ಒಲೆಯ ಮೇಲೆ ಮಂಜನ್ನು ಕರಗಿಸಿದರೆ ಮಾತ್ರ ಕುಡಿಯಲು ನೀರು. ಕಾಲ್ಬೆರಳು ಕಪ್ಪಾಗದಂತೆ, ಕಾಲುಚೀಲ ಒದ್ದೆಯಾಗದಂತೆ ಕಾಯಬೇಕು. ಹೆಜ್ಜೆಯಿಡುವಾಗ ಒಬ್ಬರನ್ನೊಬ್ಬರು ಹಗ್ಗದಿಂದ ಬಿಗಿದುಕೊಂಡಿರಬೇಕು. ಹುಡುಗರ ಮುಖ ನೋಡಿಯೇ ಯಾರು ಬಳಲಿದ್ದಾರೆಂದು ತಿಳಿಯಬೇಕು. ಈ ಎಚ್ಚರಕ್ಕೆ ಪದಕವಿಲ್ಲ. ಅದು ತಪ್ಪಿದ ದಿನ ಮಾತ್ರ ಜಗತ್ತಿಗೆ ಗೊತ್ತಾಗುತ್ತದೆ.

2016ರ ಫೆಬ್ರವರಿ 3ರಂದು, 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಅಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ. ಮೂವರು ನಮ್ಮ ನಾಡಿನವರು: ಹಾಸನದ ಕಡೆಯ ಸುಬೇದಾರ್ ನಾಗೇಶ, ಮೈಸೂರಿನ ಕಡೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹಿಮವನ್ನು ಅಗೆದಾಗ ಹನುಮಂತಪ್ಪ ಒಬ್ಬರಲ್ಲಿ ಉಸಿರಿತ್ತು. ದೇಶವೆಲ್ಲ ಬೆರಗಾಯಿತು, ಊರೂರಿನಲ್ಲಿ ಪೂಜೆ, ಪ್ರಾರ್ಥನೆಗಳು ನಡೆದವು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಆ ಉಸಿರೂ ನಿಂತಿತು.

ನಾವು ಅಂದು ಕೊಂಡಾಡಿದ್ದು ಆರು ದಿನಗಳ ಪವಾಡವನ್ನು. ಅದರ ಹಿಂದೆ ಹದಿಮೂರು ವರ್ಷಗಳ ಸೇವೆಯಿತ್ತು. ಅದರಲ್ಲಿ ಹತ್ತು ವರ್ಷ ಕಾಶ್ಮೀರ, ಈಶಾನ್ಯ ಮೊದಲಾದ ಕಠಿಣ ನೆಲೆಗಳಲ್ಲಿ ಕಳೆದದ್ದು. ಒಂದು ಪಟ್ಟಿಯ ಬೆಲೆ ಇರುವುದು ಆ ವರ್ಷಗಳಲ್ಲಿ. ಹಿಮದಡಿಯ ದಿನಗಳು ವಿಧಿಯವು. ಅದಕ್ಕೆ ಹಿಂದಿನ ವರ್ಷಗಳು ಅವರ ಸ್ವಂತದವು.

ನಮ್ಮ ಊರುಗಳಿಗೂ ರಜೆಯ ಮೇಲೆ ಹವಾಲ್ದಾರರು ಬರುತ್ತಾರೆ. ತರೀಕೆರೆಯ ಬಸ್ ನಿಲ್ದಾಣದಲ್ಲಿ ಕಬ್ಬಿಣದ ಪೆಟ್ಟಿಗೆ ಇಳಿಸಿಕೊಂಡವರನ್ನು ಕಂಡೊಡನೆ ನಾವು ಕೇಳುವುದೊಂದೇ: “ಯಾವ ಯುದ್ಧದಲ್ಲಿದ್ದಿರಿ?” ಇನ್ನು ಮುಂದೆ ಬೇರೊಂದು ಮಾತನ್ನೂ ಕೇಳೋಣ: “ನಿಮ್ಮ ಕೈಕೆಳಗೆ ಎಷ್ಟು ಹುಡುಗರಿದ್ದರು? ಅವರೆಲ್ಲ ಕ್ಷೇಮವೇ?” ಆ ಪ್ರಶ್ನೆಗೆ ಅವರು ಮುಖವರಳಿಸಿ ಉತ್ತರ ಕೊಟ್ಟರೆ, ನಾಯಕನೆಂಬ ಮಾತಿನ ಅರ್ಥ ನಮಗೆ ತಿಳಿದೀತು.