ಗುಜರಿ ಸಾಮಾನಿನಿಂದ ಒಂದು ಪಿಕಪ್ ಗಾಡಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಸಂಗೀತಗಳ ಮಾತು ನಡೆಯುತ್ತದೆ. ನಾವು ಮೂವರು ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ಬದುಕಿದವರು. ಕಾರ್ಯದರ್ಶಿಗಳು ನಮ್ಮನ್ನು ಕರೆದು, "ನಿಮ್ಮ ಕಸಬಿನ ವಿಷಯವನ್ನೇ ಹೇಳಿರಪ್ಪಾ" ಎಂದರು. ಆದ್ದರಿಂದ ಇಂದು ಹಳೆಯ ಕಾಲದ ಪಿಕಪ್ ಗಾಡಿಯನ್ನು ಗುಜರಿ ಸಾಮಾನಿನಿಂದ ಕಟ್ಟುವ ಬಗೆಯನ್ನು ತಿಳಿಸುತ್ತೇವೆ. ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದಿಲ್ಲಿಯ ಮಾಯಾಪುರಿಗಳನ್ನು ಕಂಡವರಿಗೆ ಮೋಟಾರು ಗುಜರಿ ಹೊಸದಲ್ಲ. ಆದರೆ ಈ ಕೆಲಸ ಒಂದು ಸಂಪ್ರದಾಯವಾಗಿ ಬೆಳೆದದ್ದು ಅಮೆರಿಕದಲ್ಲಿ.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಉಕ್ಕಿನ ತೊಟ್ಟಿಯೊಂದನ್ನು ಕೂಡಿಸಿ, 281 ಡಾಲರಿಗೆ ಪಿಕಪ್ ಗಾಡಿಯನ್ನು ಮಾರಿತು. ಮುಂದೆ 1928ರಿಂದ 1931ರ ವರೆಗಿನ ಮಾಡೆಲ್ ಎ ಗಾಡಿ ಬಂದಿತು. ಅದರ ನಾಲ್ಕು ಸಿಲಿಂಡರಿನ ಎಂಜಿನಿಗೆ ಸುಮಾರು 40 ಅಶ್ವಶಕ್ತಿ. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನನ್ನು ಸಾಮಾನ್ಯ ಜನರ ಕೈಗೆಟಕುವ ಬೆಲೆಗೆ ಕೊಟ್ಟಿತು. ಅದರ ಶಕ್ತಿ 65.

ಅವು ಅಲ್ಲಿ ಕೆಲಸವಿಲ್ಲದ, ಹಣವಿಲ್ಲದ ವರ್ಷಗಳು. ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರಿಗೆ ಹೊಸ ಗಾಡಿ ಕನಸಿನ ಮಾತು. ಅವರು ಗುಜರಿಯಲ್ಲಿ ಬಿದ್ದಿದ್ದ ಹಳೆಯ ಮಾಡೆಲ್ ಎ ಚಾಸಿಯನ್ನು ತಂದರು; ಅಪಘಾತದಲ್ಲಿ ಜಜ್ಜಿಹೋದ ಇನ್ನೊಂದು ಗಾಡಿಯ ವಿ-8 ಎಂಜಿನನ್ನು ಅದಕ್ಕೆ ಕೂಡಿಸಿದರು. ಮುರಾಕ್ ಎಂಬ ಒಣಗಿದ ಕೆರೆಯ ಬಯಲಿನಲ್ಲಿ ಓಡಿಸಿ ವೇಗವನ್ನು ಅಳೆದರು. 1937ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ನಿಯಮಗಳನ್ನೂ ಮಾಡಿಕೊಂಡರು. ಮಹಾಯುದ್ಧ ಮುಗಿದ ಮೇಲೆ, ಸೈನ್ಯದಲ್ಲಿ ಯಂತ್ರದ ಕೆಲಸ ಕಲಿತವರು ಮನೆಗೆ ಬಂದು ಈ ವಿದ್ಯೆಯನ್ನು ಇನ್ನಷ್ಟು ಬೆಳೆಸಿದರು. ಇಂದಿಗೂ ಅಲ್ಲಿ ಕೆಲವರು ಆ ಕಾಲದ ಭಾಗಗಳನ್ನೇ ಹುಡುಕಿ, ಆ ಕಾಲದ ಕ್ರಮದಲ್ಲೇ ಪಿಕಪ್ ಕಟ್ಟುತ್ತಾರೆ.

ಕೆಲಸ ಚಾಸಿಯಿಂದ ಮೊದಲಾಗಬೇಕು. ಅದು ಓರೆಯಾಗಿದೆಯೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಮೂಲೆಯಿಂದ ಎದುರು ಮೂಲೆಗೆ ಹುರಿ ಹಿಡಿದು ಎರಡು ಕರ್ಣಗಳನ್ನೂ ಅಳೆದರೆ ಸಾಕು, ಅಳತೆ ಸಮನಾಗಿರಬೇಕು. ಮಾಡೆಲ್ ಎ ಚಾಸಿಯ ಉದ್ದಪಟ್ಟಿಗಳ ಒಂದು ಬದಿ ತೆರೆದಿರುತ್ತದೆ. ಹೆಚ್ಚು ಬಲದ ಎಂಜಿನು ಕೂಡಿಸುವಾಗ ಅಲ್ಲಿ ಉಕ್ಕಿನ ಪಟ್ಟಿ ಬೆಸೆದು ಪೆಟ್ಟಿಗೆಯಂತೆ ಮುಚ್ಚುತ್ತಾರೆ. ಇಲ್ಲದಿದ್ದರೆ ಚಾಸಿ ತಿರುಚಿಕೊಳ್ಳುತ್ತದೆ.

ಆಮೇಲೆ ಎಂಜಿನು. ಆ ಹಳೆಯ ವಿ-8ರಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ದಾರಿ ಎಂಜಿನಿನ ನೀರು ಹರಿಯುವ ಭಾಗದ ಮೂಲಕವೇ ಸಾಗುತ್ತದೆ. ಆದ್ದರಿಂದ ಅದು ಬೇಗ ಕಾಯುತ್ತದೆ. ಕವಾಟ ಕೂಡುವ ಜಾಗಕ್ಕೂ ಸಿಲಿಂಡರಿಗೂ ನಡುವೆ ಬಿರುಕು ಬಿಡುವುದುಂಟು. ಬಲ್ಲವರು ಮೊದಲು ಬಿರುಕನ್ನು ಹುಡುಕಿ, ಆಮೇಲೆ ಹಣ ಬಿಚ್ಚುತ್ತಾರೆ.

ಮೂರನೆಯದು ಬ್ರೇಕು. ಮಾಡೆಲ್ ಎ ಗಾಡಿಗೆ ಕಬ್ಬಿಣದ ಸಲಾಕೆಗಳಿಂದ ಎಳೆಯುವ ಬ್ರೇಕು ಇತ್ತು. ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕನ್ನು ಫೋರ್ಡ್ ಕಾರುಗಳಿಗೆ ಹಾಕಿದ್ದು 1939ರ ಮಾದರಿಯಿಂದ. ತಿಳಿದವರು ಎಂಜಿನಿನ ಬಲ ಹೆಚ್ಚಿಸಿದರೆ ಈ ಬ್ರೇಕನ್ನೂ ತಂದು ಕೂಡಿಸುತ್ತಾರೆ. ಓಡುವ ಶಕ್ತಿ ಹೆಚ್ಚಿದಷ್ಟೂ ನಿಲ್ಲುವ ಶಕ್ತಿಯೂ ಹೆಚ್ಚಬೇಕು.

ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾವು ನಾಲ್ವರಿದ್ದೆವು. ಒಂದೇ ಖೋಲಿಯಲ್ಲಿ ವಾಸ, ಒಂದೇ ಗ್ಯಾರೇಜಿನಲ್ಲಿ ಕೆಲಸ. ಒಬ್ಬ ವ್ಯಾಪಾರಿಯ ಹಳೆಯ ಸಾಮಾನು ಗಾಡಿ ರಿಪೇರಿಗೆ ಬಂದಿತ್ತು. ದಸರೆಗೆ ಮುಂಚೆ ಬೇಕೆಂದು ಆತನ ಅವಸರ. ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಕೊಳ್ಳುವ ಬದಲು, ಗುಜರಿಯಿಂದ ತಂದವನ್ನೇ ತೊಳೆದು ಹಾಕಿದೆವು. ಇಳಿಜಾರಿನಲ್ಲಿ ಪೆಡಲು ಒತ್ತಿದರೆ ಅದು ನೆಲಕ್ಕೆ ಇಳಿಯಿತು, ಗಾಡಿ ನಿಲ್ಲಲಿಲ್ಲ. ಗೋಡೆಗೂ ಗಾಡಿಗೂ ನಡುವೆ ನಮ್ಮ ಗೆಳೆಯನ ಕಾಲು ಸಿಕ್ಕಿತು. ಆತ ಊರಿಗೆ ಹೋದವನು ಮತ್ತೆ ಕಸಬಿಗೆ ಬರಲಿಲ್ಲ. ನಾವು ಉಳಿಸಿದ್ದು ನಾಲ್ವರ ಒಂದು ಹೊತ್ತಿನ ಊಟದ ಹಣ. ತಪ್ಪು ನಮ್ಮದು, ವ್ಯಾಪಾರಿಯ ಅವಸರದ ಮೇಲೆ ಹಾಕಿ ಕೈ ತೊಳೆದುಕೊಳ್ಳಲಾರೆವು.

ಗುಜರಿಯಿಂದ ಚಾಸಿ ತರಬಹುದು, ಬಾಗಿಲು ತರಬಹುದು, ಪರೀಕ್ಷಿಸಿ ಎಂಜಿನನ್ನೂ ತರಬಹುದು. ಬ್ರೇಕಿನ ರಬ್ಬರು, ಬ್ರೇಕಿನ ಕೊಳವೆ, ಚಕ್ರದ ಟಯರು, ಇವನ್ನು ಮಾತ್ರ ತರಕೂಡದು. ಇದೊಂದು ಮಾತನ್ನು ಇಲ್ಲಿರುವ ತರುಣರು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಭಾಷಣ ಸಾರ್ಥಕ.

ಇನ್ನೊಂದು ಎಚ್ಚರಿಕೆ. ಅಮೆರಿಕದವರು ಮಾಡಿದಂತೆ ನಾವೂ ಒಂದರ ಎಂಜಿನನ್ನು ಇನ್ನೊಂದಕ್ಕೆ ಮನಬಂದಂತೆ ಕೂಡಿಸಿ ರಸ್ತೆಗೆ ಇಳಿಸುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಣೆಗೆ ಹೊರತಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ವಿಂಟೇಜ್ ವಾಹನಗಳ ನೋಂದಣಿಗೆ 2021ರಲ್ಲಿ ಬಂದ ನಿಯಮವೂ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗೆ ಮಾತ್ರ. ಆದ್ದರಿಂದ ನಮ್ಮಲ್ಲಿ ಈ ವಿದ್ಯೆಗೆ ಸರಿಯಾದ ದಾರಿಯೆಂದರೆ, ಹಳೆಯ ಗಾಡಿಯನ್ನು ಅದು ಇದ್ದ ಹಾಗೆಯೇ ಎತ್ತಿ ನಿಲ್ಲಿಸುವುದು. ಅದಕ್ಕೆ ಬಲ್ಲ ಕೈಗಳು ಬೇಕು. ಅಂಥ ಕೈಗಳಿಗೆ ಕೂಲಿಯೂ ಉಂಟು.

ಇಲ್ಲಿ ಗುಮಾಸ್ತರಿದ್ದೀರಿ, ಕಾರ್ಖಾನೆಯವರಿದ್ದೀರಿ. ಕಸಬು ಕಲಿಯಬೇಕೆನ್ನುವ ಹುಡುಗರು ನಿಮ್ಮ ಖೋಲಿಯಲ್ಲಿದ್ದರೆ ಭಾನುವಾರ ಸಂಜೆ ಇಲ್ಲಿಗೆ ಕಳುಹಿಸಿಕೊಡಿ. ಹುರಿ ಹಿಡಿದು ಅಳೆಯುವುದರಿಂದ ಹಿಡಿದು ಬಿರುಕು ಹುಡುಕುವವರೆಗೆ, ತಿಳಿದಷ್ಟನ್ನು ಹೇಳಿಕೊಡಲು ನಾವು ಮೂವರೂ ಸಿದ್ಧ. ನಾಲ್ಕನೆಯವನು ಇದ್ದಿದ್ದರೆ ನಮಗಿಂತ ಚೆನ್ನಾಗಿ ಕಲಿಸುತ್ತಿದ್ದ.