ಗುಣವಾಯಿತೆ? ಆಗದಿದ್ದರೆ ಏಕೆ?



ಇಪ್ಪತ್ತು ವರ್ಷ ಅನುಭವ ಇರುವ ಡಾಕ್ಟರು ಎಂದರೆ ನಮಗೆ ಧೈರ್ಯ. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರು ಆಮೇಲೆ ಏನಾದರು ಎಂಬುದು ಅವರಿಗೆ ತಿಳಿದಿರುತ್ತದೆಯೆ? ತಿಳಿಯದಿದ್ದರೆ ಕೈ ಪಳಗಬಹುದು, ಆದರೆ ಅದೇ ತಪ್ಪಿನಲ್ಲೂ ಪಳಗಬಹುದು.

ಇದನ್ನು ಜೀವನವಿಡೀ ಕೇಳಿದವರು ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. 1869ರಲ್ಲಿ ಹುಟ್ಟಿದವರು. ಆ ಕಾಲದಲ್ಲಿ ರೋಗಿಗೆ ಈಥರ್ ಮೂಸಿಸಿ ಪ್ರಜ್ಞೆ ತಪ್ಪಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡುತ್ತಿದ್ದರು. ಕೆಲವರು ಮೇಜಿನ ಮೇಲೆಯೇ ಪ್ರಾಣ ಬಿಡುತ್ತಿದ್ದರು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಕಾಡ್‌ಮನ್ ಮತ್ತು ಸಹಪಾಠಿ ಹಾರ್ವೆ ಕುಶಿಂಗ್ 1894ರ ಸುಮಾರಿಗೆ ಆಪರೇಷನ್ ನಡೆಯುವಾಗಲೇ ನಾಡಿಯ ಬಡಿತವನ್ನು ಕಾಗದದ ಮೇಲೆ ಗುರುತು ಹಾಕತೊಡಗಿದರು. ಎಲ್ಲಿ ಎಡವಿದೆವು ಎಂದು ಆಮೇಲೆ ನೋಡಲು ಕಣ್ಣ ಮುಂದೆ ಒಂದು ಗೆರೆ ಸಿಕ್ಕಿತು.

ಮುಂದೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಸೇರಿದ ಕಾಡ್‌ಮನ್, ರೋಗಿಗೊಂದು ಕಾರ್ಡ್ ಇಟ್ಟರು. ಕಾಯಿಲೆ ಏನೆಂದುಕೊಂಡೆವು, ಏನು ಮಾಡಿದೆವು, ವರ್ಷದ ಮೇಲೆ ಹೇಗಿದ್ದಾರೆ, ಗುಣವಾಗದಿದ್ದರೆ ಏಕೆ. ಜಾನ್ ಡ್ಯೂಯಿ ಎಂಬ ತತ್ತ್ವಜ್ಞಾನಿ, ತೊಡಕು ಎದುರಾದಾಗಲೇ ನಿಜವಾದ ಚಿಂತನೆ ಶುರುವಾಗುತ್ತದೆ ಎಂದು ಪುಸ್ತಕ ಬರೆದದ್ದು 1910ರಲ್ಲಿ. ಅದೇ ಹೊತ್ತಿಗೆ ಕಾಡ್‌ಮನ್ ವಾರ್ಡಿನಲ್ಲಿ ಆ ತೊಡಕುಗಳ ಲೆಕ್ಕವನ್ನೇ ಇಡುತ್ತಿದ್ದರು.

1911ರಲ್ಲಿ ಸ್ವಂತದ್ದೊಂದು ಪುಟ್ಟ ಆಸ್ಪತ್ರೆ ತೆರೆದರು. ಐದು ವರ್ಷಗಳಲ್ಲಿ ಅಲ್ಲಿಂದ ಮನೆಗೆ ಹೋದವರು 337 ರೋಗಿಗಳು. ಅವರು ದಾಖಲಿಸಿದ ತಪ್ಪುಗಳು 123. ಇವನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು. ಒಬ್ಬ ಡಾಕ್ಟರು ಹಾಗೆ ಮಾಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕು, ಯೋಚಿಸಿ. ಇಂದಿಗೂ ಅದು ಅಪರೂಪವೇ.

ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. ಯೋಗ್ಯತೆ ನೋಡದೆ ಹಿರಿತನಕ್ಕೇ ಬಡ್ತಿ ಕೊಡುತ್ತಾರೆಂದು 1914ರಲ್ಲಿ ಕಾಡ್‌ಮನ್ ದೊಡ್ಡಾಸ್ಪತ್ರೆಯ ಹುದ್ದೆ ಬಿಟ್ಟಿದ್ದರು. ಮರುವರ್ಷ ಜನವರಿಯ ಸಭೆಯೊಂದರಲ್ಲಿ, ಮರಳಿನಲ್ಲಿ ತಲೆ ಹುದುಗಿಸಿ ಚಿನ್ನದ ಮೊಟ್ಟೆ ಇಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರ ತೋರಿಸಿದರು. ಬಾಸ್ಟನ್ನಿನ ವೈದ್ಯಲೋಕ ಸಿಟ್ಟಾಯಿತು. ಹಾರ್ವರ್ಡ್‌ನ ಅಧ್ಯಾಪಕ ಕೆಲಸವೂ ಹೋಯಿತು.

ವಿಚಾರ ಮಾತ್ರ ಉಳಿಯಿತು. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಎಂಬ ವೈದ್ಯರ ಸಂಘ 100ಕ್ಕೂ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿದಾಗ ಕನಿಷ್ಠ ಮಟ್ಟ ಮುಟ್ಟಿದವು 89 ಮಾತ್ರ. ಪತ್ರಿಕೆಗಳ ಕೈಗೆ ಸಿಕ್ಕೀತೆಂಬ ಭಯದಿಂದ 1919ರಲ್ಲಿ ಆ ಪಟ್ಟಿಯನ್ನೇ ಸುಟ್ಟುಹಾಕಿದರು. ಆದರೆ ಅದೇ ಕಾಲೇಜಿನ ಕನಿಷ್ಠ ನಿಯಮಗಳಲ್ಲಿ, ಡಾಕ್ಟರುಗಳು ಆಗಿಂದಾಗ್ಗೆ ಒಟ್ಟು ಸೇರಿ ದಾಖಲೆಗಳನ್ನು ಮುಂದಿಟ್ಟುಕೊಂಡು ತಮ್ಮ ಅನುಭವವನ್ನು ಪರಿಶೀಲಿಸಬೇಕೆಂಬ ಮಾತು ಸೇರಿತ್ತು.

ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಇಂದು ಸಾವುನೋವುಗಳನ್ನು ಚರ್ಚಿಸುವ ಇಂಥ ಸಭೆಗಳು ನಡೆಯುತ್ತವೆ. ಎಳೆಯ ಡಾಕ್ಟರುಗಳು ಅಲ್ಲಿ ಕಲಿಯುವುದು ಬಹಳ. ಆದರೆ ಅವು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಫಲಿತಾಂಶ ರೋಗಿಗಳಿಗೂ ತಿಳಿಯಬೇಕು, ಅದನ್ನು ನೋಡಿ ಅವರು ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು ಎಂದಿದ್ದರು ಕಾಡ್‌ಮನ್. ಆ ಅರ್ಧ ಕೆಲಸ ಇನ್ನೂ ಬಾಕಿ ಇದೆ.